ಸಮಸ್ಯಾಪೂರಣ: ತೊದಲೇ ಮಾತಾಯ್ತು

ಕಾಗಿಣಾ ತೀರ (ಸೇಡಂ):
ಈ ಸಲದ ಸಮಸ್ಯೆ ನಾಲ್ಕು ಸಾಲಿನ ಕಂದಪದ್ಯದ ಕೊನೆಯ ಸಾಲು. ಮೊದಲ ಮೂರು ಸಾಲು ಕಟ್ಟಿ ಪದ್ಯ ಪೂರ್ತಿ ಮಾಡಿ.

ತೊದಲೇ ಮಾತಾಯ್ತು ಮಾತೆ ತೊದಲಾಯ್ತಲ್ಲಾ

'ತು ಮಾತೆ' ಎಂಬಲ್ಲಿ ಜಗಣ (ಲಘು-ಗುರು-ಲಘು, ಅಂದರೆ ಒಂದು, ಎರಡು, ಒಂದು ಮಾತ್ರೆಯ ಅಕ್ಷರಗಳು) ಕೂತಿದೆ. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ, ದಕಾರ; ಅದರ ಹಿಂದಿನ ಅಕ್ಷರ ಲಘುವಾಗಿರಲಿ. ತೊದಲನ್ನು ಉಗ್ಗಿನೊಂದಿಗೆ ಬೆರೆಸಬೇಡಿ. ಉಗ್ಗಿನಲ್ಲಿ ಅಕ್ಷರ ತಡೆದು ನಿಂತು ಮರುಕಳಿಸುತ್ತದೆ, ತೊದಲಿನಲ್ಲಿ ಅದು ಮೆತ್ತಗಾಗಿ ರೂಪ ಬದಲಿಸುತ್ತದೆ. ಗದ್ಗದ ಇನ್ನೂ ಬೇರೆ, ಕೊರಳು ಬಿಗಿದಾಗಿನ ಮಾತು.

ಶಹಾಬಾದ ಕಲ್ಲು:
'ಮಗುವಿನ ಬಾಯೊಳ್' ಎಂದು ಆರಂಭಿಸಬಹುದೇ ಮಾಸ್ತರರೇ?

ಕಾಗಿಣಾ ತೀರ:
ಇಲ್ಲ ತಮ್ಮಾ, ಪ್ರಾಸಸ್ಥಾನಕ್ಕೆ ಗಕಾರ ಬಂತು. ಮೊದಲು, ಮುದ, ಪದ, ಎದೆ, ಹೃದಯ ಇಂಥವನ್ನು ಹುಡುಕು.

ಶಹಾಬಾದ ಕಲ್ಲು:
ಮೊದಲಿಗೆ ಮೊಮ್ಮಗ ನುಡಿಯಲ್
ಮುದದಿಂದಜ್ಜಂ ತದೇಕಚಿತ್ತದೆ ಕಲಿಯಲ್
ಪದಕೋಶದ ಪಂಡಿತನೊಳ್
ತೊದಲೇ ಮಾತಾಯ್ತು ಮಾತೆ ತೊದಲಾಯ್ತಲ್ಲಾ

ಕಾಗಿಣಾ ತೀರ:
ಭಲೇ! ಮೊಮ್ಮಗನ ಮುಂದೆ ಪಂಡಿತನನ್ನು ಶಿಷ್ಯನಾಗಿ ಕೂರಿಸಿದ್ದು ಬಹಳ ಹಿಡಿಸಿತು.

ಬೀದರ ಬಯಲು:
ಅಸ್ಪಷ್ಟ ಮಾತಿನ ನಂಟಿರುವ ಇನ್ನೊಂದು ಪದ ನನ್ನನ್ನು ಬಹಳ ದಿನದಿಂದ ಕಾಡಿದೆ: ಮ್ಲೇಚ್ಛ. ಸಂಸ್ಕೃತ ಕ್ರಿಯಾಧಾತುಗಳ ಪಟ್ಟಿಯಾದ ಧಾತುಪಾಠದಲ್ಲಿ ಅದರ ಧಾತುವಿನ ಅರ್ಥ 'ಅವ್ಯಕ್ತೇ ಶಬ್ದೇ', ಅಂದರೆ ಸ್ಪಷ್ಟವಲ್ಲದ ಸದ್ದು. ಪತಂಜಲಿಯ ವ್ಯಾಕರಣಗ್ರಂಥ ಮಹಾಭಾಷ್ಯದಲ್ಲಿ ಅಸುರರು 'ಹೇ ಅರಯಃ' (ಎಲೈ ಶತ್ರುಗಳೇ) ಎನ್ನಲಾರದೆ 'ಹೇಲಯೋ ಹೇಲಯಃ' ಎಂದು ಕೂಗಿ ಸೋತರೆಂಬ ಮಾತಿದೆ. ಆದ್ದರಿಂದ ಮ್ಲೇಚ್ಛಿಸಬಾರದೆಂಬ ವಿಧಿ. ರಕಾರ ಲಕಾರವಾಯಿತು, ಅಷ್ಟೇ. ನಮ್ಮ ಮನೆಯ ಕೂಸು ರೊಟ್ಟಿಯನ್ನು 'ಲೊಟ್ಟಿ' ಎಂದರೆ ಎತ್ತಿ ಮುದ್ದಾಡುತ್ತೇವೆ. ಪರರ ಬಾಯಲ್ಲಿ ಅದೇ ಕೇಳಿಸಿದಾಗ ಅದು ಬೈಗುಳವಾಗಿ ಬೆಳೆಯಿತು. ಕೆಲಸಕ್ಕೆಂದು ದೂರದ ಊರಿಗೆ ಹೋದಾಗ ನನ್ನ ಬೀದರ ಕನ್ನಡಕ್ಕೂ 'ಸರಿಯಾಗಿ ಮಾತಾಡಿ' ಎಂದವರಿದ್ದರು. ಆ ನೋವು ಇನ್ನೂ ಇದೆ.

ಕಾಗಿಣಾ ತೀರ:
ಅಕ್ಕನವರೇ, ಅದಕ್ಕೆ ಉತ್ತರ ನಮ್ಮ ನೆಲದಲ್ಲೇ ಇದೆ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ, ಶ್ರೀವಿಜಯ ಕವಿರಾಜಮಾರ್ಗವನ್ನು ರಚಿಸಿದ. 'ತಂತಮ್ಮ ನುಡಿಯೊಳೆಲ್ಲರ್ ಜಾಣರ್' ಎಂದವನು ಅಲ್ಲಿಗೇ ನಿಲ್ಲಿಸಲಿಲ್ಲ. 'ಕಿಱುವಕ್ಕಳುಮಾ ಮೂಗರುಂ' ವಿವೇಕವನ್ನು ತಿಳಿಸಬಲ್ಲರೆಂದು ಮುಂದುವರಿಸಿದ. ಮಕ್ಕಳನ್ನೂ ಮಾತು ಬಾರದವರನ್ನೂ ಜಾಣರ ಸಾಲಿನಲ್ಲಿ ಕೂರಿಸಿದ್ದು, ನನ್ನ ಮಟ್ಟಿಗೆ, ಆ ಗ್ರಂಥದ ಅತಿ ದೊಡ್ಡ ಮಾತು. ಇದೇ ಎಳೆ ಹಿಡಿದು ನೀವೊಂದು ಪೂರಣ ಕೊಡಿ.

ಬೀದರ ಬಯಲು:
ಲಕ್ವ ಹೊಡೆದ ತಾಯಿಯನ್ನು ನೋಡಿಕೊಳ್ಳುವ ಮಗಳ ಪದ್ಯ.

ಕದಲದೆ ಮಲಗಿದ ತಾಯಾ
ಹೃದಯಮನರಿತಿಹ ಮಗಳ್ಗೆ ಸನ್ನೆಯೆ ಸಾಕಯ್
ಹದಗೆಟ್ಟ ತುಟಿಯೊಳವಳಾ
ತೊದಲೇ ಮಾತಾಯ್ತು ಮಾತೆ ತೊದಲಾಯ್ತಲ್ಲಾ

ಶಹಾಬಾದ ಕಲ್ಲು:
ಅಕ್ಕಾ, ಕಣ್ಣು ತುಂಬಿತು. ನನ್ನ ಪದ್ಯದ 'ಅಲ್ಲಾ' ಅಚ್ಚರಿಯದು, ಇಲ್ಲಿ ಅದೇ 'ಅಲ್ಲಾ' ಅಳುತ್ತಿದೆ.

ಕಾಗಿಣಾ ತೀರ:
'ಅವಳಾ ತೊದಲೇ' ಎಂದು ಸಾಲು ದಾಟಿಸಿದ್ದು ಸೊಗಸು. 'ಸಾಕಯ್' ಮಾತ್ರ ಗಣ ತುಂಬಲು ಬಂದಂತಿದೆ. ಯಾರನ್ನು ಕರೆದು ಹೇಳಿದ 'ಅಯ್'? 'ಸನ್ನೆಯೆ ಸಾಲ್ಗುಂ' (ಸನ್ನೆಯೇ ಸಾಕಾಗುತ್ತದೆ) ಎಂದರೆ ಮಾತ್ರೆ ಕೆಡುವುದಿಲ್ಲ, ಹಳಗನ್ನಡದ ಬಿಗುವೂ ಉಳಿಯುತ್ತದೆ.

ಬೀದರ ಬಯಲು:
ಒಪ್ಪಿದೆ ಮಾಸ್ತರರೇ, ಹಾಗೆಯೇ ತಿದ್ದುತ್ತೇನೆ.