ಕೆನ್ಯಾದ ಹಳ್ಳಿಯಲ್ಲಿ ಆರು ವಾರದ ಸಾಮಾಜಿಕ ಉದ್ಯಮ ಕಾರ್ಯಕ್ರಮ: ಹೋಗಬಹುದಾ?

ಧಾರವಾಡದ ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಕೃಷಿ ಮೂರನೇ ವರ್ಷದಲ್ಲಿದ್ದೇನೆ. ಪಶ್ಚಿಮ ಕೆನ್ಯಾದ ಒಂದು ಹಳ್ಳಿಯಲ್ಲಿ ಆರು ವಾರ ಇದ್ದು ಸಾಮಾಜಿಕ ಉದ್ಯಮ ಕಲಿಯುವ ಕಾರ್ಯಕ್ರಮಕ್ಕೆ ಆಯ್ಕೆಯಾಗಿದ್ದೇನೆ. ಜೂನ್ ಎರಡನೇ ವಾರದಿಂದ ಜುಲೈ ಕೊನೆಯವರೆಗೆ. ಅಲ್ಲಿನ ಒಂದು ಮನೆಯಲ್ಲೇ ಉಳಿದುಕೊಳ್ಳಬೇಕು. ಊರಿನವರ ಜೊತೆ ಸೇರಿ ಒಂದು ಸಣ್ಣ ವ್ಯಾಪಾರ ಶುರು ಮಾಡಿಸಿ ಬರಬೇಕು.

ಶುಲ್ಕ 2.75 ಲಕ್ಷ. ವಿಮಾನದ ಟಿಕೆಟ್ ಬೇರೆ. ಅಪ್ಪ ಗದಗದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾರೆ. "ಇದೇ ದುಡ್ಡಲ್ಲಿ ನಮ್ಮೂರಲ್ಲೇ ಏನಾದರೂ ಮಾಡಬಹುದಲ್ಲ" ಅಂತಾರೆ. ಬೇಡ ಅಂತಲೂ ಹೇಳುತ್ತಿಲ್ಲ.

ಅವರು ಕಳಿಸಿದ ವಿಡಿಯೋಗಳನ್ನೆಲ್ಲ ನೋಡಿದೆ. ಎಲ್ಲದರಲ್ಲೂ ಕೊನೆಯ ದಿನದ ಸಮಾರಂಭ ಇದೆ. ಆಮೇಲೆ ಆ ವ್ಯಾಪಾರ ಏನಾಯಿತು ಅಂತ ಯಾವುದರಲ್ಲೂ ಇಲ್ಲ. ಇದೇ ನನ್ನನ್ನು ಕಾಡುತ್ತಿರುವುದು. ಹೋಗಿ ಬಂದವರು ಯಾರಾದರೂ ಇದ್ದೀರಾ? ನನಗೆ ಉಪಯೋಗ ಆಗುತ್ತದಾ? ಅದಕ್ಕಿಂತ ಮುಖ್ಯವಾಗಿ, ಅಲ್ಲಿಯವರಿಗೆ ನನ್ನಿಂದ ಏನಾದರೂ ಉಪಯೋಗ ಆಗುತ್ತದಾ?

ರಾಗಿತೆನೆ ಬರೆದದ್ದು:

ತಂಗಿ, ನಾನು 2018ರ ಜೂನ್‌ನಲ್ಲಿ ಹೋಗಿದ್ದೆ. ಇಂಥದ್ದೇ ಆರು ವಾರದ ಕಾರ್ಯಕ್ರಮ, ಬುಸಿಯಾ ಜಿಲ್ಲೆ, ಉಗಾಂಡಾ ಗಡಿ ಹತ್ತಿರ. ಕಿಸುಮುವಿನಿಂದ ಮಟಾಟು ವ್ಯಾನಿನಲ್ಲಿ ಹೋಗಿ, ಇಳಿದ ಮೇಲೆ ಬೋಡಾ ಬೋಡಾ, ಅಂದರೆ ಬಾಡಿಗೆ ಬೈಕು. ಯಾರು ನಡೆಸಿದರು ಅಂತ ಹೆಸರು ಹೇಳುವುದಿಲ್ಲ. ಆದದ್ದನ್ನು ಪೂರ್ತಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನಾನು ಉಳಿದ ಮನೆಯ ಅಮ್ಮನನ್ನು ಎಲ್ಲರೂ ಹಿರಿಮಗನ ಹೆಸರು ಸೇರಿಸಿ "ಮಾಮಾ" ಎಂದು ಕರೆಯುತ್ತಿದ್ದರು. ನಮಗೆ ಮಾಮ ಅಂದರೆ ಸೋದರಮಾವ, ಸ್ವಾಹಿಲಿಯಲ್ಲಿ ಅಮ್ಮ. ಮೊದಲ ಬೆಳಿಗ್ಗೆ ಅವರು ಒಂದು ಲೋಟದಲ್ಲಿ ಬಿಸಿ ಬಿಸಿ ಏನೋ ಕೊಟ್ಟರು. ಕುಡಿದೆ. ರಾಗಿ ಗಂಜಿ! ನಾನು ತುಮಕೂರು ಕಡೆಯವಳು. ಅಷ್ಟು ದೂರ ಹೋಗಿ ಅಜ್ಜಿ ಮನೆಯ ರುಚಿ ಸಿಕ್ಕಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ಅಲ್ಲಿ ರಾಗಿಗೆ ವಿಂಬಿ ಅಂತಾರೆ, ಗಂಜಿಗೆ ಉಜಿ. ಮರಗೆಣಸಿನ ಹಿಟ್ಟು, ರಾಗಿ ಹಿಟ್ಟು ಸೇರಿಸಿ ಉಗಾಲಿ ಮಾಡುತ್ತಾರೆ, ನೋಡಲು ನಮ್ಮ ಮುದ್ದೆ ಇದ್ದ ಹಾಗೇ ಇರುತ್ತದೆ. ನೀವು ಕೃಷಿ ಓದುತ್ತಿರುವುದರಿಂದ ಗೊತ್ತಿರುತ್ತದೆ, ರಾಗಿಯ ತವರು ಆ ಕಡೆಯೇ. ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದದ್ದು.

ತಪ್ಪು ಶುರುವಾದದ್ದೂ ಅಲ್ಲಿಂದಲೇ. ನನಗೆ ರಾಗಿ ಗೊತ್ತು, ನಮ್ಮೂರಲ್ಲಿ ರಾಗಿ ಮಾಲ್ಟ್ ಪೊಟ್ಟಣ ಚೆನ್ನಾಗಿ ಮಾರಾಟವಾಗುತ್ತದೆ, ಇಲ್ಲೂ ಮಾಡಿಸೋಣ ಅಂದೆ. ನಮ್ಮ ಗುಂಪಿನಲ್ಲಿ ನಾವು ನಾಲ್ಕು ಜನ ವಿದ್ಯಾರ್ಥಿಗಳು. ಎಲ್ಲರಿಗೂ ಇಷ್ಟವಾಯಿತು. ಎರಡನೇ ವಾರದಲ್ಲೇ ತೀರ್ಮಾನ ಆಗಿಹೋಯಿತು. ಮೂರನೇ ವಾರದೊಳಗೆ ಯೋಜನೆ ಬರೆದು ಒಪ್ಪಿಸಬೇಕಿತ್ತು, ಅದಕ್ಕೇ ಆ ಅವಸರ.

ಮಾಮಾ ಒಂದು ಚಾಮಾದಲ್ಲಿ ಇದ್ದರು. ಚಾಮಾ ಅಂದರೆ ನಮ್ಮ ಸ್ವಸಹಾಯ ಸಂಘದ ಹಾಗೆ. ವಾರಕ್ಕೊಮ್ಮೆ ಮರದ ಕೆಳಗೆ ಸೇರುತ್ತಾರೆ. ಒಂದು ಕಬ್ಬಿಣದ ಪೆಟ್ಟಿಗೆ, ಅದಕ್ಕೆ ಮೂರು ಬೀಗ, ಮೂರು ಕೀಲಿಗಳು ಮೂರು ಬೇರೆ ಬೇರೆ ಹೆಂಗಸರ ಹತ್ತಿರ. ಮೂವರೂ ಬಂದರೆ ಮಾತ್ರ ಪೆಟ್ಟಿಗೆ ತೆಗೆಯಲು ಆಗುತ್ತದೆ. ಉಳಿತಾಯ, ಸಾಲ, ಬಡ್ಡಿ ಎಲ್ಲವೂ ಎಲ್ಲರ ಕಣ್ಣೆದುರೇ. ವರ್ಷದ ಕೊನೆಗೆ ಹಂಚಿಕೊಳ್ಳುತ್ತಾರೆ. ಈ ಪದ್ಧತಿಯನ್ನು 1991ರಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ನೈಜರ್ ದೇಶದಲ್ಲಿ ಶುರು ಮಾಡಿದ್ದು, ಈಗ ಆಫ್ರಿಕಾದ ತುಂಬಾ ದೇಶಗಳಲ್ಲಿದೆ. ಹೊರಗಿನ ಬ್ಯಾಂಕಿನ ದುಡ್ಡು ಒಂದು ರೂಪಾಯಿಯೂ ಬೇಕಿಲ್ಲ, ಎಲ್ಲಾ ಅವರದೇ. ನನಗೆ ಆ ಆರು ವಾರದಲ್ಲಿ ಅತಿ ಹೆಚ್ಚು ಕಲಿಸಿದ್ದು ಆ ಪೆಟ್ಟಿಗೆ.

ನಾವು ಮಾಲ್ಟ್ ವಿಷಯ ಹೇಳಿದಾಗ ಅವರು ಮರ್ಯಾದೆಯಿಂದ ಕೇಳಿಸಿಕೊಂಡರು. ಮನೆಗೆ ಬಂದ ಅತಿಥಿ, ಅಷ್ಟು ದೂರದಿಂದ ಬಂದಿರುವ ಹುಡುಗಿ. ಆಗಲ್ಲ ಅನ್ನುವುದಾದರೂ ಹೇಗೆ? ಪೊಟ್ಟಣ, ಚೀಟಿ, ಸೀಲ್ ಮಾಡುವ ಯಂತ್ರಕ್ಕೆ ಕಾರ್ಯಕ್ರಮದ ಹಣ ಇತ್ತು. ರಾಗಿ ಕೊಳ್ಳಲು "ಊರಿನವರ ಪಾಲು" ಇರಲೇಬೇಕು ಅಂತ ನಿಯಮ. ಆರು ಸಾವಿರ ಶಿಲ್ಲಿಂಗ್ ಅವರು ಪೆಟ್ಟಿಗೆಯಿಂದ ತೆಗೆದರು.

ಈಗ ತಿಂಗಳು ನೋಡಿ. ಜೂನ್. ಆ ಕಡೆ ದೊಡ್ಡ ಮಳೆ ಮಾರ್ಚ್‌ನಿಂದ ಮೇವರೆಗೆ. ಜೂನ್ ಹೊತ್ತಿಗೆ ಪೈರು ಹೊಲದಲ್ಲಿ ನಿಂತಿರುತ್ತದೆ, ಮನೆಯ ಕಾಳು ಮುಗಿದಿರುತ್ತದೆ. ವರ್ಷದಲ್ಲಿ ಹೊಟ್ಟೆಗೆ ಕಷ್ಟದ ಕಾಲ ಅದೇ. ಕಾಳಿನ ಬೆಲೆ ಆಗಲೇ ಏರಿರುತ್ತದೆ. ವಿದ್ಯಾರ್ಥಿಗಳಿಗೆ ರಜೆ ಇರುವುದೂ ಆಗಲೇ. ನಾವು ಅವರ ಕೈಯಿಂದ ದುಬಾರಿ ಕಾಲದಲ್ಲಿ ರಾಗಿ ಕೊಳ್ಳಿಸಿದೆವು. ಕೃಷಿ ಓದಿದವರು ಯಾರೂ ನಮ್ಮಲ್ಲಿ ಇರಲಿಲ್ಲ. ಆದರೂ ಕೇಳಿದ್ದರೆ ಆ ಊರಿನ ಹತ್ತು ವರ್ಷದ ಹುಡುಗನೂ ಹೇಳುತ್ತಿದ್ದ.

ಪೊಟ್ಟಣ ತಯಾರಾಯಿತು, ಚೆನ್ನಾಗೇ ಇತ್ತು. ಪಟ್ಟಣದ ದೊಡ್ಡ ಅಂಗಡಿಗೆ ತೆಗೆದುಕೊಂಡು ಹೋದರೆ, ಕೆಬ್ಸ್ ಗುರುತು ಎಲ್ಲಿ ಅಂದರು. ಅದು ಅಲ್ಲಿನ ಮಾನಕ ಸಂಸ್ಥೆ. ನಮ್ಮಲ್ಲಿ ಎಫ್‌ಎಸ್‌ಎಸ್‌ಎಐ ನಂಬರ್ ಕೇಳುವ ಹಾಗೆ. ನಮ್ಮ ಹತ್ತಿರ ಉಳಿದಿದ್ದದ್ದು ಹನ್ನೊಂದು ದಿನ. ಕೊನೆಯ ದಿನ ಸಮಾರಂಭ, ಫೋಟೋ, ಹಾಡು. ನಾವು ಬಂದುಬಿಟ್ಟೆವು. ಅಕ್ಟೋಬರ್‌ನಲ್ಲಿ ಮಾಮಾ ಮಗ ವಾಟ್ಸಾಪ್ ಮಾಡಿದ. ಅರ್ಧ ಪೊಟ್ಟಣಗಳಿಗೆ ಹುಳ ಹಿಡಿದಿತ್ತು. ಪೆಟ್ಟಿಗೆಯಲ್ಲಿ ಆರು ಸಾವಿರ ಕಡಿಮೆ. ವರ್ಷದ ಕೊನೆಯ ಹಂಚಿಕೆ ಬಂದಾಗ ಎಲ್ಲರ ಪಾಲೂ ಕಡಿಮೆಯಾಯಿತು. ಕೆಲವರು ಆ ದುಡ್ಡಲ್ಲೇ ಮಕ್ಕಳ ಶಾಲೆ ಫೀಸು ಕಟ್ಟುವವರು.

ಆ ಸಂಸ್ಥೆಗೆ ಬರೆದೆವು. ಆ ತಂಡ ಮುಗಿದಿದೆ ಅಂತ ಉತ್ತರ ಬಂತು. ನಾವು ನಾಲ್ವರೂ ಸೇರಿ ದುಡ್ಡು ಹಾಕಿ ವಾಪಸ್ ಕಳಿಸಿದೆವು. ಅದು ಸಾಕಾಗುವುದಿಲ್ಲ ಅಂತ ನನಗೆ ಗೊತ್ತು. ಪೆಟ್ಟಿಗೆ ಮೇಲೆ ಅವರಿಗೆ ಇದ್ದ ನಂಬಿಕೆಗೆ ಆದ ಪೆಟ್ಟನ್ನು ದುಡ್ಡಿನಿಂದ ಸರಿಮಾಡಲು ಆಗುವುದಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಮಾಮಾ ಆಗಲೇ ಒಂದು ವ್ಯಾಪಾರ ಮಾಡುತ್ತಿದ್ದರು. ದಿನಾ ನಸುಕಿನಲ್ಲಿ ಎದ್ದು ಉಜಿ ಕಾಯಿಸಿ, ಫ್ಲಾಸ್ಕಿಗೆ ತುಂಬಿಸಿ, ಸಂತೆ ಹತ್ತಿರ ಲೋಟದ ಲೆಕ್ಕದಲ್ಲಿ ಮಾರುತ್ತಿದ್ದರು. ಎಂಟು ಗಂಟೆಗೆಲ್ಲ ಖಾಲಿ. ನಾನು ಆರು ವಾರ ಅದೇ ಉಜಿ ಕುಡಿದೆ, ಅದು ಒಂದು ಉದ್ಯಮ ಅಂತ ಹೊಳೆಯಲೇ ಇಲ್ಲ. ಅವರಿಗೆ ಬೇಕಾಗಿದ್ದದ್ದು ಇನ್ನೊಂದು ದೊಡ್ಡ ಫ್ಲಾಸ್ಕು. ಎರಡು ಸಾವಿರ ಶಿಲ್ಲಿಂಗ್, ಆಗಿನ ಲೆಕ್ಕಕ್ಕೆ ನಮ್ಮ 1,400 ರೂಪಾಯಿ ಆಸುಪಾಸು. ಮರುವರ್ಷ ಚಾಮಾದಿಂದಲೇ ಸಾಲ ತೆಗೆದು ಕೊಂಡರು. ಈಗ ಮೂರು ಫ್ಲಾಸ್ಕ್ ಇದೆ, ಜೊತೆಗೆ ಸೊಸೆ ಕೂರುತ್ತಾಳೆ.

ಹಾಗಾಗಿ ನಿಮ್ಮ ಸಂಸ್ಥೆಯವರಿಗೆ ಫೋನ್ ಮಾಡಿ ಒಂದು ಮಾತು ಕೇಳಿ: ವ್ಯಾಪಾರ ಸೋತರೆ ಯಾರ ದುಡ್ಡು ಹೋಗುತ್ತದೆ? ಊರಿನವರದು ಅಂತಾದರೆ, ಅಥವಾ ಉತ್ತರ ಸುತ್ತಿ ಬಳಸಿ ಬಂದರೆ, ಹೋಗಬೇಡಿ. ನೀವು ಬಂದ ಮೇಲೂ ಆ ಊರಲ್ಲೇ ಇರುವ ಕೆಲಸಗಾರರು ಇದ್ದಾರಾ, ಹಿಂದಿನ ತಂಡದ ಊರಿನವರ ಜೊತೆ ಫೋನಲ್ಲಿ ಮಾತಾಡಲು ಬಿಡುತ್ತಾರಾ, ಅದನ್ನೂ ಕೇಳಿ. ನೀವು ಉಳಿಯುವ ಮನೆಗೆ ನಿಮ್ಮ 2.75 ಲಕ್ಷದಲ್ಲಿ ಎಷ್ಟು ಹೋಗುತ್ತದೆ ಅಂತಲೂ ಕೇಳಿ. ಇದು ಕೇಳಬಾರದ ಪ್ರಶ್ನೆ ಅಲ್ಲವೇ ಅಲ್ಲ.

ನೈರೋಬಿ ಕನ್ನಡಿಗ ಬರೆದದ್ದು:

ನಾನು ಉಡುಪಿಯವನು, ಇಲ್ಲಿಗೆ ಬಂದು ಹನ್ನೊಂದು ವರ್ಷ. ರಾಗಿತೆನೆ ಅವರು ಹೇಳಿದ್ದು ಮನಸ್ಸಿಗೆ ತಟ್ಟಿತು. ನಾನು ತಯಾರಿಯ ಬಗ್ಗೆ ಮಾತ್ರ ಹೇಳುತ್ತೇನೆ.

ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲೇ ಆಗಿರಬೇಕು. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಭಾರತದ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಕಿಸುಮು, ಬುಸಿಯಾ ಕಡೆ ಮಲೇರಿಯಾ ಜಾಸ್ತಿ. ಡಾಕ್ಟರ ಹತ್ತಿರ ಮಾತ್ರೆ ಬರೆಸಿಕೊಳ್ಳಿ, ಸೊಳ್ಳೆ ಪರದೆ ಬಿಟ್ಟು ಒಂದು ರಾತ್ರಿಯೂ ಮಲಗಬೇಡಿ. 2024ರ ಜನವರಿಯಿಂದ ವೀಸಾ ಬದಲು ಇ-ಟಿಎ, ಅಂದರೆ ಆನ್‌ಲೈನ್‌ನಲ್ಲಿ ಮೊದಲೇ ಪಡೆಯುವ ಪ್ರಯಾಣ ಅನುಮತಿ ಬಂದಿದೆ. ಪ್ರವಾಸಿ ಅನುಮತಿಯಲ್ಲಿ ಬಂದು ಕೆಲಸ ಮಾಡುವ ಹಾಗಿಲ್ಲ. ನಿಮಗೆ ಯಾವ ಪಾಸ್ ಮಾಡಿಸುತ್ತಾರೆ ಅಂತ ಸಂಸ್ಥೆಯವರಿಂದ ಬರಹದಲ್ಲಿ ತೆಗೆದುಕೊಳ್ಳಿ. ಬಂದಿಳಿದ ದಿನವೇ ಸಿಮ್ ತೆಗೆದು ಎಂ-ಪೆಸಾ ಮಾಡಿಸಿ, ಅದು ಫೋನಿನಲ್ಲೇ ದುಡ್ಡು ಕೊಟ್ಟು ತೆಗೆದುಕೊಳ್ಳುವ ವ್ಯವಸ್ಥೆ. 2007ರಲ್ಲಿ ಶುರುವಾದ ಇದು ಈಗ ಹಳ್ಳಿ ಸಂತೆಯ ಟೊಮೆಟೊ ಅಂಗಡಿಗೂ ಬಂದಿದೆ.

ಇನ್ನೊಂದು ಮಾತು. ಇಲ್ಲಿ ನಿಮ್ಮನ್ನು "ಮುಹಿಂದಿ" ಅಂತಾರೆ, ಅಂದರೆ ಭಾರತೀಯಳು. ಅದರ ಹಿಂದೆ ದೊಡ್ಡ ಚರಿತ್ರೆ ಇದೆ. ಮೊಂಬಾಸಾದಿಂದ ಕಿಸುಮುವಿಗೆ 1896ರಿಂದ 1901ರವರೆಗೆ ರೈಲು ಹಳಿ ಹಾಕಿದವರಲ್ಲಿ ಸಾವಿರಾರು ಜನ ನಮ್ಮ ದೇಶದಿಂದ ಬಂದ ಕೂಲಿಗಳು. ಆಮೇಲೆ ಊರೂರಲ್ಲಿ ಅಂಗಡಿ ಇಟ್ಟವರೂ ಭಾರತೀಯರೇ. ಅಂಗಡಿಗೆ ಇಲ್ಲಿ ದುಕಾ ಅಂತಲೇ ಹೇಳುವುದು. 2017ರಲ್ಲಿ ಸರ್ಕಾರ ಇಲ್ಲಿನ ಏಷ್ಯನ್ನರನ್ನು ದೇಶದ 44ನೇ ಬುಡಕಟ್ಟು ಎಂದು ಒಪ್ಪಿಕೊಂಡಿತು. ಹಾಗಾಗಿ ಹಳ್ಳಿಯವರು ನಿಮ್ಮನ್ನು ವ್ಯಾಪಾರ ಬಲ್ಲವಳು, ದುಡ್ಡಿರುವವಳು ಅಂದುಕೊಳ್ಳಬಹುದು. ನೀವು ಸುಮ್ನೆ ಹೇಳಿದ ಸಲಹೆಗೂ ತೂಕ ಜಾಸ್ತಿ ಬರುತ್ತದೆ. ಎಚ್ಚರವಾಗಿ ಮಾತಾಡಿ.

ನಿವೃತ್ತ ಮೇಷ್ಟ್ರು ಬರೆದದ್ದು:

ಮಗಳೇ, ನಿನ್ನ ಅಪ್ಪ ಹೇಳಿದ್ದನ್ನೂ ಯೋಚನೆ ಮಾಡು. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನದ ಲೀಡ್ ಕಾರ್ಯಕ್ರಮ ಇದೆ. ನಿನ್ನಂಥ ವಿದ್ಯಾರ್ಥಿಗಳು ಸುತ್ತಲಿನ ಊರುಗಳಲ್ಲೇ ಸಣ್ಣ ಸಣ್ಣ ಕೆಲಸ ಕೈಗೆತ್ತಿಕೊಳ್ಳುತ್ತಾರೆ. ತಪ್ಪಾದರೆ ಮುಂದಿನ ವಾರ ಬಸ್ಸು ಹತ್ತಿ ಹೋಗಿ ಸರಿಮಾಡಬಹುದು, ಅಲ್ವಾ?

ದಕ್ಷಿಣ ಆಫ್ರಿಕಾದ ಪ್ಲೇಪಂಪ್ ವಿಷಯ ನಾನು ಮಕ್ಕಳಿಗೆ ಪಾಠದಲ್ಲಿ ಹೇಳುತ್ತಿದ್ದೆ. ಮಕ್ಕಳು ತಿರುಗುವ ಆಟದ ಚಕ್ರ, ಅದು ತಿರುಗಿದರೆ ಬೋರಿನಿಂದ ನೀರು ಮೇಲಿನ ತೊಟ್ಟಿಗೆ ಏರುತ್ತದೆ. ಕೇಳಲು ಎಷ್ಟು ಚಂದ! 2006ರಲ್ಲಿ ಅಮೆರಿಕದಲ್ಲಿ 1 ಕೋಟಿ 64 ಲಕ್ಷ ಡಾಲರ್ ಘೋಷಣೆಯಾಯಿತು. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ, ಆಟ ಬೇಸರವಾದ ಮೇಲೆ, ಆ ಭಾರದ ಚಕ್ರವನ್ನು ಹೆಂಗಸರೇ ಬಗ್ಗಿ ತಿರುಗಿಸಬೇಕಾಯಿತು. ಕೆಲವು ಕಡೆ ಸರಿಯಾಗಿದ್ದ ಕೈಪಂಪು ಕಿತ್ತು ಇದನ್ನು ಹಾಕಿದ್ದರು. ಕೆಟ್ಟರೆ ರಿಪೇರಿ ಮಾಡುವವರು ಊರಲ್ಲಿ ಇಲ್ಲ. ನಾಲ್ಕು ವರ್ಷದೊಳಗೆ ಆ ಯೋಜನೆ ನಿಂತಿತು.

ಆದರೆ ಹೋಗಲೇಬೇಡ ಎನ್ನಲು ನನಗೆ ಮನಸ್ಸಿಲ್ಲ. ಹಳ್ಳಿ ಮನೆಗಳಿಗೆ ಸೌರ ದೀಪ ಕೊಡುವ ಸೆಲ್ಕೋ ಕಂಪನಿ ಕಟ್ಟಿದ ಹರೀಶ್ ಹಂದೆ ಅವರು ವಿದ್ಯಾರ್ಥಿಯಾಗಿದ್ದಾಗ ಶ್ರೀಲಂಕಾದ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದವರು. 1995ರಲ್ಲಿ ಕಂಪನಿ ಶುರು ಮಾಡಿದ್ದು ಕರ್ನಾಟಕದಲ್ಲಿ. ದೂರದ ಹಳ್ಳಿಯಲ್ಲಿ ಕೂತು ನೋಡಿದ್ದು ಇಲ್ಲಿ ಕೆಲಸಕ್ಕೆ ಬಂತು.

ಧಾರವಾಡದ ಹುಡುಗಿ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ರಾಗಿತೆನೆ ಅಕ್ಕ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಫ್ಲಾಸ್ಕಿನ ವಿಷಯ ಬಂದಾಗ ಅವರು, "ನಾನೂ ಅಂಗಡಿ ಶುರು ಮಾಡಿದ್ದು ಒಂದು ತಕ್ಕಡಿಯಿಂದಲೇ" ಅಂದರು.

ಸಂಸ್ಥೆಯವರಿಗೆ ಫೋನ್ ಮಾಡಿದೆ. ಹಿಂದಿನ ವರ್ಷದ ಊರಿನ ಒಬ್ಬರ ನಂಬರ್ ಕೊಡಲು ಒಪ್ಪಿದ್ದಾರೆ. ಮನೆಯವರಿಗೆ ವಾರಕ್ಕಿಷ್ಟು ಅಂತ ಕೊಡುತ್ತಾರಂತೆ. ನಷ್ಟದ ಬಗ್ಗೆ ಕೇಳಿದ್ದಕ್ಕೆ, "ಊರಿನವರ ಪಾಲು 20 ಶೇಕಡ ಇರಬೇಕು, ಆಗಲೇ ಅವರಿಗೆ ತಮ್ಮದು ಅನ್ನಿಸುತ್ತದೆ" ಅಂದರು. ಇದಕ್ಕೆ ಏನು ಹೇಳಲಿ?

ರಾಗಿತೆನೆ ಬರೆದದ್ದು:

ನಮಗೂ ಅದೇ ಮಾತು ಹೇಳಿದ್ದರು. ತಮ್ಮದು ಅನ್ನಿಸಬೇಕಾದರೆ ಯೋಚನೆಯೂ ಅವರದೇ ಆಗಿರಬೇಕು. ಯೋಚನೆ ನಿಮ್ಮದು, ನಷ್ಟ ಅವರದು ಅಂದರೆ ಹೇಗೆ? ಹೀಗೆ ಕೇಳಿ ನೋಡಿ: "ನಾನು ಹೊಸದೇನೂ ಶುರು ಮಾಡುವುದಿಲ್ಲ. ಆಗಲೇ ವ್ಯಾಪಾರ ನಡೆಸುತ್ತಿರುವ ಒಬ್ಬರ ಜೊತೆ ಆರು ವಾರ ಕೆಲಸ ಮಾಡಿ, ಅವರ ಲೆಕ್ಕ ಬರೆದುಕೊಡುತ್ತೇನೆ. ಅವರು ಕೇಳಿದ್ದನ್ನು ಮಾಡಿಕೊಡುತ್ತೇನೆ. ಇದಕ್ಕೆ ಒಪ್ಪಿಗೆಯಾ?" ಒಪ್ಪಿದರೆ ಹೋಗಿ. ನಿಮ್ಮ ಓದಿಗೂ ಇದೇ ಒಳ್ಳೆಯದು. ಲೆಕ್ಕ ಬರೆಯುವಾಗ ಕಾಳಿನ ಬೆಲೆ, ಗಿರಣಿಯ ದರ, ಸೌದೆಯ ಖರ್ಚು ಎಲ್ಲಾ ಗೊತ್ತಾಗುತ್ತದೆ.

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಬುಸಿಯಾ ಪಕ್ಕದ ಬುಂಗೋಮಾದಲ್ಲಿ 2006ರಲ್ಲಿ ಆಂಡ್ರೂ ಯೂನ್ ಎಂಬ ಅಮೆರಿಕದ ಎಂಬಿಎ ವಿದ್ಯಾರ್ಥಿ ಸುಮಾರು 40 ರೈತ ಕುಟುಂಬಗಳ ಜೊತೆ ಒನ್ ಏಕರ್ ಫಂಡ್ ಶುರು ಮಾಡಿದರು. ಬೀಜ, ಗೊಬ್ಬರ ಸಾಲವಾಗಿ ಕೊಟ್ಟು, ನಡೆದು ಹೋಗುವಷ್ಟು ಹತ್ತಿರಕ್ಕೆ ತಲುಪಿಸುವುದು. ಈಗ ಅದು ಹಲವು ದೇಶಗಳಲ್ಲಿ ಇದೆ. ಅವರು ರಜೆ ಮುಗಿಯಿತು ಅಂತ ಬಿಟ್ಟು ಹೋಗಲಿಲ್ಲ, ಅಲ್ಲೇ ಉಳಿದರು. ಆರು ವಾರದಲ್ಲಿ ಆಗುವ ಕೆಲಸ ಬೇರೆ, ಹತ್ತು ವರ್ಷದಲ್ಲಿ ಆಗುವ ಕೆಲಸ ಬೇರೆ.

ನಾನು ಈಗ ಚಿಕ್ಕನಾಯಕನಹಳ್ಳಿ ಕಡೆ ಒಂದು ರೈತ ಕಂಪನಿಯಲ್ಲಿ ರಾಗಿ ಖರೀದಿ ನೋಡಿಕೊಳ್ಳುತ್ತೇನೆ. ರೈತರ ದುಡ್ಡು ತೊಡಗಿಸುವ ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಆ ಮೂರು ಬೀಗದ ಪೆಟ್ಟಿಗೆ ನೆನಪಾಗುತ್ತದೆ.

ಹೋಗುವುದು ಖಚಿತವಾದರೆ ನನಗೆ ಮೆಸೇಜ್ ಮಾಡಿ, ಮಾಮಾ ಮಗನಿಗೆ ಹೇಳಿ ಇಡುತ್ತೇನೆ. ಆ ಕಡೆ ಹೋಗಿ ಬರಲು ಒಂದು ದಿನ ಬಿಡುವು ಮಾಡಿಕೊಳ್ಳಿ. ಸಂತೆಗೆ ಏಳು ಗಂಟೆಯೊಳಗೆ ಹೋಗಿ. ಮೂರು ಫ್ಲಾಸ್ಕ್ ಆದರೂ ಎಂಟೂವರೆಗೆ ಉಜಿ ಮುಗಿದಿರುತ್ತದಂತೆ.