ಪಾಲುಪಟ್ಟಿಯಲ್ಲಿ ಇಲ್ಲದ ಹಾರ್ಮೋನಿಯಂ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಲವತ್ತೊಂದು ಮಂದಿ ಇದ್ದೇವೆ. ಕಾಸರಗೋಡು ಕಡೆಯ ಬದಿಯಡ್ಕ, ನೀರ್ಚಾಲು, ಪೆರ್ಲ, ಮತ್ತೆ ಮೈಸೂರು, ಬೆಂಗಳೂರು, ಒಬ್ಬ ದುಬೈ. ಅಡ್ಮಿನ್ ನಾನು. ಬೇರೆ ಯಾರು ಆಗಿದ್ದರೂ ಇನ್ನೊಬ್ಬರು ಗುಂಪು ಬಿಡುತ್ತಿದ್ದರು, ಅದಕ್ಕೆ. ಮೊನ್ನೆ ಭಾನುವಾರ ನಡೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಮನೆಮಾತನ್ನು ಎಲ್ಲರಿಗೂ ತಿಳಿಯುವ ಹಾಗೆ ಸ್ವಲ್ಪ ನೇರ ಮಾಡಿದ್ದೇನೆ, ನಾಲ್ಕು ಶಬ್ದ ತೆಗೆದಿದ್ದೇನೆ. ಓದುವವರಿಗೆ ಒಂದು ಗುರುತು ಹೇಳಿಬಿಡುತ್ತೇನೆ: ನಮ್ಮವರು ಪುಸ್ತಕದ ಕನ್ನಡ ಶುರುಮಾಡಿದರೆ ಸಿಟ್ಟು ಬಂದಿದೆ ಅಂತ ಲೆಕ್ಕ.

ಬೆಳಿಗ್ಗೆ 5.52. ಸಣ್ಣತ್ತೆ. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಜೋಡಿ ಬಾಣದ ಗುರುತಿನ ಸಮೇತ:

“ತಾಯಿಯೇ ಮೊದಲ ಗುರು!! ಅಮೆರಿಕದ ಬಡ ಹುಡುಗ ವ್ಯಾನ್ ಕ್ಲೈಬರ್ನ್. 3ನೇ ವಯಸ್ಸಿಗೇ ತಾಯಿ ಪಿಯಾನೋ ಕಲಿಸಿದಳು. ಬೆಳೆದು ಶತ್ರುದೇಶ ರಷ್ಯಕ್ಕೆ ಹೋಗಿ ನುಡಿಸಿದ. ಅಲ್ಲಿನ ನಾಯಕ ಕ್ರುಶ್ಚೇವ್ ಕಣ್ಣೀರು ಸುರಿಸಿ ಯುದ್ಧವನ್ನೇ ನಿಲ್ಲಿಸಿದ. ಇಂದಿನ ತಾಯಂದಿರು ಮಗುವಿನ ಕೈಗೆ ಕೊಡುವುದು ಮೊಬೈಲ್!!! ನಿಜ ಅನಿಸಿದರೆ 10 ಜನರಿಗೆ ಕಳಿಸಿ.”

ಕೆಳಗೆ ಬಿಳಿ ಗಡ್ಡದ ಒಬ್ಬ ಮುದುಕನ ಫೋಟೋ.

ಇದು ಯಾರ ಕಡೆಗೆ ಎಸೆದ ಕಲ್ಲು ಅಂತ ಗುಂಪಿಗೆಲ್ಲ ಗೊತ್ತು. ಅತ್ತೆಯ ಮೊಮ್ಮಗ ಮೊಬೈಲ್ ನೋಡದೆ ದೋಸೆಗೆ ಬಾಯಿ ತೆರೆಯುವುದಿಲ್ಲ. ಸೊಸೆಯೂ ಗುಂಪಿನಲ್ಲಿದ್ದಾಳೆ. ಅವಳು ಕೈಮುಗಿದ ಚಿಹ್ನೆ ಒಂದನ್ನು ಹಾಕಿದಳು. ಅದು ನಮಸ್ಕಾರ ಆಗಿರಲಿಲ್ಲ.

ದೊಡ್ಡಪ್ಪ: ಅತ್ಯುತ್ತಮ ಸಂದೇಶ. ಎಲ್ಲರೂ ಮನನ ಮಾಡಬೇಕಾದ್ದು.

ಬೆಂಗಳೂರು ತಮ್ಮ: ಮೂಲ ಎಲ್ಲಿ ಅತ್ತೆ?

ಸಣ್ಣತ್ತೆ: ಎಂತ ಮೂಲ?

ಬೆಂಗಳೂರು ತಮ್ಮ: ಇದು ಎಲ್ಲಿಂದ ಬಂತು, ಯಾರು ಬರೆದದ್ದು ಅಂತ.

ಸಣ್ಣತ್ತೆ: ನಮ್ಮ ಭಜನೆ ಗುಂಪಿನಲ್ಲಿ ಬಂದದ್ದು. ಅವರೆಲ್ಲ ಒಳ್ಳೆಯವರು.

ಪೆರ್ಲದ ಭಾವ: ಮೂಲಕ್ಕೆ ಸುವರ್ಣಗೆಡ್ಡೆ ಒಳ್ಳೆಯದು. ನಮ್ಮಲ್ಲಿ ಉಂಟು, ಕಳಿಸ್ಲಾ?

ತಮ್ಮ ಇದಕ್ಕೆಲ್ಲ ಜಗ್ಗುವ ಪೈಕಿ ಅಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಜೋಯಿಸರು ಬರೆದುಕೊಟ್ಟ ಮುಹೂರ್ತವನ್ನು ಪಂಚಾಂಗದಲ್ಲಿ ಹುಡುಕಿ ನೋಡಿ ಪೆಟ್ಟು ತಿಂದವ.

ಬೆಂಗಳೂರು ತಮ್ಮ: ಒಂದು, ಫೋಟೋದಲ್ಲಿ ಇರುವುದು ಯಾರೋ. ಕ್ಲೈಬರ್ನ್ ಮಾಸ್ಕೋದ ಚೈಕಾವ್‌ಸ್ಕಿ ಸಂಗೀತ ಸ್ಪರ್ಧೆಯಲ್ಲಿ ಗೆದ್ದದ್ದು 1958ರಲ್ಲಿ, ಆಗ ಅವನಿಗೆ 23. ಎರಡು, ಬಡವ ಅಲ್ಲ. ಅಪ್ಪ ತೈಲ ಕಂಪೆನಿಯಲ್ಲಿ ಇದ್ದವರು. ಮೂರು, ಯುದ್ಧ ನಿಂತಿದ್ದರೆ 1962ರಲ್ಲಿ ಕ್ಯೂಬಾದಲ್ಲಿ ಕ್ಷಿಪಣಿ ಎಂತಕ್ಕೆ ಇಟ್ಟದ್ದು?

ಸಣ್ಣತ್ತೆ: ತಾಯಿ ಕಲಿಸಿದ್ದು ಸುಳ್ಳಾ?

ಬೆಂಗಳೂರು ತಮ್ಮ: ಅದು ಸತ್ಯ.

ಸಣ್ಣತ್ತೆ: ಮತ್ತೆ? ಮುಖ್ಯ ಅದೇ ಅಲ್ವಾ.

ಅಲ್ಲಿಗೆ ನಿಲ್ಲಬಹುದಿತ್ತು. ಅಷ್ಟರಲ್ಲಿ ದೊಡ್ಡಪ್ಪ ಚಾ ಕುಡಿದು ಕನ್ನಡಕ ಹಾಕಿಕೊಂಡಿದ್ದರು. ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂವತ್ತಮೂರು ವರ್ಷ ಪಾಠ ಮಾಡಿದವರು ಅವರು.

ದೊಡ್ಡಪ್ಪ: ಮಾತೆಯಿಂದ ಕಲಿತದ್ದು ಎಂದೂ ಮಾಸುವುದಿಲ್ಲ. ಮಾತೃಭಾಷೆಯೂ ಹಾಗೆಯೇ. 1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದರು. ಅಂದಿನಿಂದ ಒಂದೊಂದು ಅಕ್ಷರಕ್ಕೂ ಹೋರಾಡಿದ್ದೇವೆ. ಇಂದು ನಮ್ಮದೇ ಮನೆಯ ಮಕ್ಕಳು ಇಂಗ್ಲಿಷ್ ಶಾಲೆಯ ವ್ಯಾನ್ ಹತ್ತುತ್ತಿದ್ದಾರೆ. ಇದನ್ನು ಯಾರಲ್ಲಿ ಹೇಳಿಕೊಳ್ಳುವುದು?

ಆ ವ್ಯಾನ್ ನಿಲ್ಲುವುದು ನನ್ನ ಮನೆಯ ಗೇಟಿನ ಎದುರು. ನಾನು ಎಂತದ್ದೂ ಬರೆಯಲಿಲ್ಲ.

ಬೆಂಗಳೂರು ತಮ್ಮ: ದೊಡ್ಡಪ್ಪ, ಪಿಯಾನೋಕ್ಕೂ ನವೆಂಬರ್ ಒಂದಕ್ಕೂ ಎಂತ ಸಂಬಂಧ?

ದೊಡ್ಡಪ್ಪ: ನಿನಗೆ ಸಂಬಂಧ ಕಾಣುವುದಿಲ್ಲ ಎಂಬುದೇ ನನ್ನ ದುಃಖ.

ಪೆರ್ಲದ ಭಾವ: ಪುಸ್ತಕದ ಕನ್ನಡ ಬಂತು. ಎಲ್ಲರೂ ಒಳಗೆ ಹೋಗಿ.

ಮೈಸೂರಕ್ಕನಿಗೆ ಬೆಳಿಗ್ಗೆ ಒಂಬತ್ತರ ನಂತರ ಪುರುಸೊತ್ತು. ಅವಳು ಮೇಲಿನದನ್ನು ಓದಲಿಲ್ಲ. ಪಿಯಾನೋ ಎಂಬ ಒಂದು ಶಬ್ದ ಕಣ್ಣಿಗೆ ಬಿದ್ದದ್ದೇ ಸಾಕಾಯಿತು.

ಮೈಸೂರಕ್ಕ: ಅಯ್ಯೋ ಅಜ್ಜನ ಹಾರ್ಮೋನಿಯಂ ನೆನಪಾಯ್ತು! ಚಾವಡಿಯ ಮೂಲೆಯಲ್ಲಿ ಬೈರಾಸಿನಲ್ಲಿ ಸುತ್ತಿ ಇಡ್ತಿದ್ದರಲ್ಲ. ನಾವು ಹಲಸಿನ ಹಪ್ಪಳಕ್ಕೆ ಕಾಗೆ ಕಾಯ್ಲಿಕ್ಕೆ ಕೂತವರು, ಅಜ್ಜ ತೋಟಕ್ಕೆ ಇಳಿದ ಕೂಡಲೇ ಹೋಗಿ ಒತ್ತುವುದು. ಒಂದು ಬಿಳಿ ಮನೆಯ ಮೇಲಿನ ಬಿಲ್ಲೆ ಎದ್ದು ಹೋಗಿ ಅಜ್ಜ ಅಲ್ಲಿಗೆ ಅಡಿಕೆ ಹಾಳೆಯ ತುಂಡು ಕತ್ತರಿಸಿ ಅಂಟಿಸಿದ್ದರು, ನೆನಪುಂಟಾ ಯಾರಿಗಾದರೂ? ಬೆರಳಿಗೆ ಬೇರೆಯೇ ಆಗ್ತಿತ್ತು, ಒರಟು ಒರಟು.

ನನಗೆ ನೆನಪಿತ್ತು. ಕಣ್ಣು ಮುಚ್ಚಿ ನುಡಿಸಿದರೂ ಬೆರಳಿಗೆ ಆ ಮನೆ, ಅಂದರೆ ಆ ಕೀ, ಗೊತ್ತಾಗುತ್ತಿತ್ತು.

ಸಣ್ಣತ್ತೆ: ಶನಿವಾರದ ಭಜನೆ. ಅಪ್ಪ ರೇಡಿಯೋಕ್ಕೆ ಬೈಯುತ್ತಿದ್ದದ್ದು.

ಬೆಂಗಳೂರು ತಮ್ಮ: ಬೈಯ್ಯದೆ ಎಂತ. ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂ ನಿಷೇಧ ಮಾಡಿದವರು 1971ರವರೆಗೆ ಒಳಗೆ ಬಿಡಲಿಲ್ಲ. ವಿದೇಶಿ ವಾದ್ಯ ಅಂತ. ಫ್ರಾನ್ಸಿನಲ್ಲಿ ಹುಟ್ಟಿ ಕೋಲ್ಕತ್ತಾದಲ್ಲಿ ನೆಲಕ್ಕೆ ಕೂತದ್ದು ಅದು.

ಪೆರ್ಲದ ಭಾವ: ಹಾಗಾದರೆ ಅಜ್ಜ ಫ್ರೆಂಚ್ ಭಜನೆ ಮಾಡಿದ್ದಾ?

ಇಷ್ಟೊತ್ತಿಗೆ ತಮ್ಮ ಸೋಲಬಾರದು ಎಂಬ ಹಟದಲ್ಲಿ ಉದ್ದದ ಒಂದು ಸಂದೇಶ ಬರೆಯುತ್ತಿದ್ದ. ಪರದೆಯ ಮೇಲೆ ಹತ್ತು ನಿಮಿಷ ‘ಟೈಪಿಸಲಾಗುತ್ತಿದೆ’ ಅಂತಲೇ ಇತ್ತು. ಬಂದದ್ದು ಇಷ್ಟು: ಚೈಕಾವ್‌ಸ್ಕಿ ಸ್ಪರ್ಧೆ ಅದೇ ಮೊದಲ ಸಲ ನಡೆದದ್ದು. ರಷ್ಯದವರು ಸ್ಪುಟ್ನಿಕ್ ಉಪಗ್ರಹ ಹಾರಿಸಿ ಆರು ತಿಂಗಳಾಗಿತ್ತು. ತೀರ್ಪುಗಾರರ ಮುಖ್ಯಸ್ಥ ಗಿಲೆಲ್ಸ್, ಜೊತೆಗೆ ರಿಕ್ಟರ್, ಇಬ್ಬರೂ ರಷ್ಯದ ದೊಡ್ಡ ಪಿಯಾನೋ ವಾದಕರು. ಚೈಕಾವ್‌ಸ್ಕಿಯ ಮೊದಲ ಪಿಯಾನೋ ಕನ್ಸರ್ಟೊ (ವಾದ್ಯವೃಂದದ ಜೊತೆ ನುಡಿಸುವ ಕೃತಿ), ರಾಖ್ಮನಿನಫ್‌ನ ಮೂರನೆಯದು ನುಡಿಸಿದಾಗ ಎಂಟು ನಿಮಿಷ ಚಪ್ಪಾಳೆ. ಅಮೆರಿಕದವನಿಗೆ ಬಹುಮಾನ ಕೊಡಬಹುದಾ ಅಂತ ಕ್ರುಶ್ಚೇವ್‌ನನ್ನು ಕೇಳಿದರಂತೆ. ಅವನೇ ಎಲ್ಲರಿಗಿಂತ ಒಳ್ಳೆಯವನಾ, ಹಾಗಾದರೆ ಕೊಡಿ ಅಂದನಂತೆ. ಕಣ್ಣೀರಿನ ವಿಷಯ ಎಲ್ಲಿಯೂ ಇಲ್ಲ. ಎರಡನೇ ಬಹುಮಾನವನ್ನು ಚೀನಾದ ಲಿಯು ಶಿಕುನ್‌ಗೂ ರಷ್ಯದ ವ್ಲಾಸೆಂಕೊಗೂ ಹಂಚಿದರು.

ಇಷ್ಟರಲ್ಲಿ ನಮ್ಮವರು ಹಿಡಿದುಕೊಂಡದ್ದು ಕೊನೆಯ ಸಾಲನ್ನು ಮಾತ್ರ.

ದೊಡ್ಡಪ್ಪ: ನೋಡಿ. ಚೀನಾದವರಿಗೂ ರಷ್ಯದವರಿಗೂ ಹಂಚಿಕೊಳ್ಳಲು ತಿಳಿದಿದೆ. ಕೆಲವರು ಹಂಚದೆಯೇ ಕೊಂಡುಹೋಗುತ್ತಾರೆ.

ಗುಂಪು ಎರಡು ನಿಮಿಷ ತಣ್ಣಗಾಯಿತು. ವಾಟ್ಸಾಪಿನಲ್ಲಿ ಎರಡು ನಿಮಿಷ ಅಂದರೆ ಚಾವಡಿಯಲ್ಲಿ ಅರ್ಧ ಗಂಟೆ.

ಪೆರ್ಲದ ಭಾವ: ಮಾವ, ಯಾರಿಗೆ ಹೇಳಿದ್ದು?

ದೊಡ್ಡಪ್ಪ: ಹೆಸರು ಹೇಳಿಲ್ಲ.

ಪೆರ್ಲದ ಭಾವ: ಹೇಳದಿದ್ದರೂ ತಾಗ್ತದೆ.

ವಿಷಯ ಇಷ್ಟೇ. ತರವಾಡು ಮನೆ ಪಾಲಾಗುವಾಗ ಉರುಳಿಯಿಂದ ಹಿಡಿದು ಮೆಟ್ಟುಕತ್ತಿಯವರೆಗೆ ಎಲ್ಲ ಪಟ್ಟಿ ಆಯಿತು. ಹಾರ್ಮೋನಿಯಂ ಪಟ್ಟಿಯಲ್ಲಿ ಇರಲಿಲ್ಲ, ಯಾಕೆಂದರೆ ಅದು ಆಗ ಮನೆಯಲ್ಲೇ ಇರಲಿಲ್ಲ. ಭಾವ ರಿಪೇರಿ ಮಾಡಿಸಿ ತರುತ್ತೇನೆಂದು ಜೀಪಿನಲ್ಲಿ ಹಾಕಿಕೊಂಡು ಹೋದದ್ದು ಅಂತ ದೊಡ್ಡಪ್ಪನ ವಾದ. ಅಜ್ಜನೇ ಕೈಯಾರೆ ಕೊಟ್ಟದ್ದು ಅಂತ ಭಾವನ ವಾದ. ಇಬ್ಬರೂ ಮದುವೆ ಉಪನಯನಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಪಾಯಸ ಬಂದಾಗ ಮಾತ್ರ ಬೇರೆ ಬೇರೆ ಕಡೆ ನೋಡುತ್ತಾರೆ.

ಸಣ್ಣತ್ತೆ: ನಾನು ತಾಯಿ ಬಗ್ಗೆ ಹಾಕಿದ್ದು. ನೀವು ಎಲ್ಲಿಗೆ ಕೊಂಡೋದಿರಿ!

ಮೈಸೂರಕ್ಕ: ಅಪ್ಪ, ಬಿಡಿ ಈಗ.

ದೊಡ್ಡಪ್ಪ: ನಾನು ಬಿಟ್ಟಿದ್ದೇನೆ. ಇಪ್ಪತ್ತೈದು ವರ್ಷದಿಂದ ಬಿಟ್ಟೇ ಇದ್ದೇನೆ.

ಮಧ್ಯಾಹ್ನ ಊಟದ ಹೊತ್ತಿಗೆ ಸಂದೇಶ ನೂರು ದಾಟಿತ್ತು. ದುಬೈ ಅಣ್ಣ ಎದ್ದು ‘ಕ್ಲೈಬರ್ನ್ ಯಾರು, ನಮ್ಮ ಪೈಕಿಯಾ?’ ಅಂತ ಕೇಳಿದ. ಉತ್ತರ ಕೊಡುವ ವ್ಯವಧಾನ ಯಾರಿಗೂ ಇರಲಿಲ್ಲ. ತಮ್ಮ ಇನ್ನೂ ಎರಡು ಸಂದೇಶ ಹಾಕಿದ. ಅವಕ್ಕೆ ಒಂದು ಹೆಬ್ಬೆರಳೂ ಬೀಳಲಿಲ್ಲ.

ಅವನ್ನು ನಾನು ರಾತ್ರಿ ಓದಿದೆ. ಮಕ್ಕಳು ಮಲಗಿದ ಮೇಲೆ, ಹೊರಗೆ ಮಳೆ ಹಿಡಿದಿತ್ತು. ಕ್ಲೈಬರ್ನ್‌ನ ತಾಯಿ ರಿಲ್ಡಿಯಾ ಬೀ ಕಲಿತದ್ದು ಫ್ರೀಡ್‌ಹೈಮ್ ಎಂಬವರಿಂದ. ಅವರು ಹುಟ್ಟಿದ್ದು ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ಗುರು ಹೆಸರಾಂತ ಪಿಯಾನೋ ವಾದಕ ಲಿಸ್ಟ್. ತಾಯಿಯ ಪಾಠ ಮುಗಿದ ಮೇಲೆ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ಕಲಿಸಿದ ರೋಸಿನಾ ಲೆವಿನ್ ಮಾಸ್ಕೋದ ಸಂಗೀತಶಾಲೆಯಿಂದ ಬಂದವರು. ಅಲ್ಲಿಗೆ ಈ ಹುಡುಗ ರಷ್ಯಕ್ಕೆ ಹೋಗಿ ನುಡಿಸಿದ್ದು ರಷ್ಯದ್ದೇ ಕೈ, ಅವನು ಬೆಳೆದ ಟೆಕ್ಸಸ್ ಮಾರ್ಗವಾಗಿ. ಅಲ್ಲಿನ ಹೆಂಗಸರು ಮನೆ ಹುಡುಗ ಬಂದಂತೆ ಹೂ ಎಸೆದದ್ದರಲ್ಲಿ ಆಶ್ಚರ್ಯ ಇಲ್ಲ.

ತಿರುಗಿ ಬಂದಾಗ ನ್ಯೂಯಾರ್ಕಿನಲ್ಲಿ ಕಾಗದದ ಚೂರು ಸುರಿದು ಮೆರವಣಿಗೆ. ಮಾಸ್ಕೋದಲ್ಲಿ ಜೊತೆಗೆ ವಾದ್ಯವೃಂದ ನಡೆಸಿದ ಕೊಂಡ್ರಾಶಿನ್‌ನನ್ನೇ ಕರೆಸಿಕೊಂಡು ಅಮೆರಿಕದಲ್ಲಿ ನುಡಿಸಿದ. ಅವರಿಬ್ಬರ ಚೈಕಾವ್‌ಸ್ಕಿ ರೆಕಾರ್ಡು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟ ಆಯಿತು. ಇಪ್ಪತ್ತು ವರ್ಷದ ಮೇಲೆ, 1978ರಲ್ಲಿ, ಕೊಂಡ್ರಾಶಿನ್ ಹಾಲೆಂಡಿಗೆ ಹೋದವನು ತಿರುಗಿ ರಷ್ಯಕ್ಕೆ ಹೋಗಲಿಲ್ಲ. ಅದೇ ವರ್ಷ ಕ್ಲೈಬರ್ನ್ ಸಂಗೀತ ಕಛೇರಿ ನಿಲ್ಲಿಸಿದ. ಒಂದಕ್ಕೊಂದು ಸಂಬಂಧ ಇದೆ ಅಂತ ನಾನು ಹೇಳುವುದಿಲ್ಲ, ತಮ್ಮ ಮೂಲ ಕೇಳಿಯಾನು. ಒಂಬತ್ತು ವರ್ಷ ಸುಮ್ಮನಿದ್ದವ ಎದ್ದು ಬಂದದ್ದು 1987ರಲ್ಲಿ, ಶ್ವೇತಭವನದಲ್ಲಿ ಆಗಿನ ರಷ್ಯದ ನಾಯಕ ಗೋರ್ಬಚೇವ್ ಎದುರು. ಮಾಸ್ಕೋದ ಸಂಜೆಯ ಮೇಲಿನ ಒಂದು ರಷ್ಯನ್ ಹಾಡು ನುಡಿಸಿದಾಗ ಗೋರ್ಬಚೇವ್ ದಂಪತಿ ಕೂತಲ್ಲಿಂದಲೇ ದನಿ ಸೇರಿಸಿದರು.

ಇನ್ನೊಂದು ಸಂಗತಿ ಕೊನೆಯಲ್ಲಿತ್ತು. ರಾಖ್ಮನಿನಫ್ 1917ರಲ್ಲಿ ರಷ್ಯ ಬಿಟ್ಟವರು, ಸತ್ತದ್ದು ಅಮೆರಿಕದಲ್ಲಿ. ಕ್ಲೈಬರ್ನ್ 1958ರಲ್ಲಿ ಬರುವಾಗ ರಷ್ಯದ ಮಣ್ಣು ತಂದು ಅವರ ಸಮಾಧಿಗೆ ಹಾಕಿದ. ಇದನ್ನು ನಾನು ಗುಂಪಿನಲ್ಲಿ ಎತ್ತಿ ಹಾಕಿದೆ, ಹಗಲಿನ ಜಗಳ ಸ್ವಲ್ಪ ತಣಿಯಲಿ ಅಂತ.

ಪೆರ್ಲದ ಭಾವ: ಮಣ್ಣು ಅಂದರೆ ನಮಗೆ ನೆನಪಾಗುವುದು 2020ರ ಕೊರೋನಾ ಸಮಯದಲ್ಲಿ ಕರ್ನಾಟಕದವರು ಗಡಿ ರಸ್ತೆ ಮುಚ್ಚಲಿಕ್ಕೆ ಸುರಿದದ್ದು. ಅಮ್ಮನನ್ನು ಮಂಗಳೂರಿಗೆ ಔಷಧಿಗೆ ಕೊಂಡೋಗ್ಲಿಕ್ಕೆ ಆಗಲಿಲ್ಲ.

ಇದಕ್ಕೆ ಯಾರೂ ತಮಾಷೆ ಮಾಡಲಿಲ್ಲ. ತಮ್ಮನೂ ಮೂಲ ಕೇಳಲಿಲ್ಲ. ದೊಡ್ಡಪ್ಪನ ಹೆಸರಿನ ಕೆಳಗೆ ‘ಟೈಪಿಸಲಾಗುತ್ತಿದೆ’ ಬಂತು, ಹೋಯಿತು, ಮತ್ತೆ ಬಂತು.

ದೊಡ್ಡಪ್ಪ: ಅಕ್ಕ ಆಗ ನನಗೆ ಫೋನ್ ಮಾಡಿದ್ದಳು.

ಪೆರ್ಲದ ಭಾವ: ಗೊತ್ತುಂಟು ಮಾವ.

ಹತ್ತು ನಿಮಿಷ ಬಿಟ್ಟು ಭಾವನ ಕಡೆಯಿಂದ ಒಂದು ಫೋಟೋ ಬಂತು. ಟಾರ್ಚಿನ ಬೆಳಕು, ಅಟ್ಟ, ಗೋಣಿಚೀಲಗಳ ನಡುವೆ ಒಂದು ಪೆಟ್ಟಿಗೆ. ದೊಡ್ಡದು ಮಾಡಿ ನೋಡಿದೆ. ಬಿಳಿ ಮನೆಗಳ ಸಾಲಿನಲ್ಲಿ ಒಂದು ಮಾತ್ರ ಕಂದು. ಹಾಳೆಯ ಗೆರೆ ಕೂಡ ಕಾಣುತ್ತಿತ್ತು.

ದೊಡ್ಡಪ್ಪ: ಬಿಳಿ ಎರಡು. ಅಪ್ಪನ ಶ್ರುತಿ. ಒತ್ತಿ ಒತ್ತಿ ಬಿಲ್ಲೆ ಎದ್ದದ್ದು.

ಮೈಸೂರಕ್ಕ: ಅಯ್ಯೋ ಹಾಳೆ ಇನ್ನೂ ಉಂಟು!

ಆಮೇಲೆ ಒಂಬತ್ತು ಸೆಕೆಂಡಿನ ಒಂದು ದನಿ ಸಂದೇಶ. ಕಿವಿಗೆ ಹಿಡಿದು ಮೂರು ಸಲ ಕೇಳಿದೆ. ಹೆಚ್ಚಿನದೆಲ್ಲ ಬರೀ ಗಾಳಿ, ಹೆಂಚಿನ ಮೇಲೆ ಮಳೆ, ನಡುವೆ ಎಲ್ಲಿಯೋ ಸಣ್ಣಗೆ ಒಂದು ಷಡ್ಜ.

ದೊಡ್ಡಪ್ಪ: ತಿದಿ ಹರಿದಿದೆಯಾ?

ಪೆರ್ಲದ ಭಾವ: ಇಲಿ ತಿಂದಿದೆ. ಬೇಕಾದರೆ ಬಂದು ಕೊಂಡೋಗಿ. ಬರುವಾಗ ನನ್ನ ಮದ್ದು ಬಿಡುವ ಪಂಪು ತನ್ನಿ, ಹೋದ ವರ್ಷದ ಆಟಿಯಲ್ಲಿ ಕೊಂಡೋದದ್ದು. ತೋಟಕ್ಕೆ ಕೊಳೆರೋಗ ಶುರುವಾಗಿದೆ.

ದೊಡ್ಡಪ್ಪ: ಪಂಪು ಪಾಲುಪಟ್ಟಿಯಲ್ಲಿ ಇರಲಿಲ್ಲ.