ಲೀವ್ ಲೆಟರ್ ಎಲ್ಲಾ ಕೊಟ್ಟಿದ್ರೂ ಮಗಳ ಅಟೆಂಡೆನ್ಸ್ 72% ಅಂತ ಬಂದಿದೆ, ಏನ್ ಮಾಡೋದು?

ಕೇಳಿದವರು: ಒಂಬತ್ತನೇ ಕ್ಲಾಸ್ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು. ನಿನ್ನೆ ರಾತ್ರಿ ಸ್ಕೂಲ್ ಆಪ್ ತೆಗೆದು ನೋಡಿದ್ರೆ ಅವಳ ಅಟೆಂಡೆನ್ಸ್ 72% ಅಂತ ಕೆಂಪು ಅಕ್ಷರದಲ್ಲಿ ತೋರಿಸ್ತಾ ಇದೆ, ಪಕ್ಕದಲ್ಲೇ ಶಾರ್ಟೇಜ್ ಅಂತ ಬೇರೆ. ನನಗೆ ಕೈಕಾಲೇ ಆಡ್ಲಿಲ್ಲ. ಇಲ್ಲೀವರೆಗೆ 98 ದಿನ ಕ್ಲಾಸ್ ನಡೆದಿದೆ, ಇವಳು ಹೋಗಿರೋದು 71 ದಿನ. ಉಳಿದ 27 ದಿನದ ಲೆಕ್ಕ ನನ್ನ ಹತ್ರ ಪಕ್ಕಾ ಇದೆ, ಚಿಕನ್‌ಪಾಕ್ಸ್ ಆಗಿ 12 ದಿನ, ನಮ್ಮತ್ತೆ ತೀರ್ಕೊಂಡಾಗ 4 ದಿನ, ವಾಲಿಬಾಲ್ ಟೂರ್ನಮೆಂಟಿಗೆ ಅಂತ ಸ್ಕೂಲಿನವ್ರೇ ಕರ್ಕೊಂಡು ಹೋಗಿದ್ದು 5 ದಿನ, ಆಮೇಲೆ ಜ್ವರ ಹೊಟ್ಟೆನೋವು ಅಂತ ಬಿಡಿಬಿಡಿಯಾಗಿ 6 ದಿನ. ಒಂದು ದಿನಾನೂ ಸುಮ್ಮಸುಮ್ಮನೆ ತಪ್ಪಿಸಿಲ್ಲ. ಪ್ರತಿ ಸಲ ಡೈರಿಯಲ್ಲಿ ಬರೆದು ಸೈನ್ ಮಾಡಿ ಕಳ್ಸಿದೀನಿ, ಕ್ಲಾಸ್ ಟೀಚರೂ ನೋಡಿ ಸೈನ್ ಹಾಕಿದಾರೆ. ರಜೆ ಒಪ್ಕೊಂಡ್ಮೇಲೆ ಆ ದಿನಗಳನ್ನ ಯಾಕೆ ಕಳೀತಾರೆ? ಪರೀಕ್ಷೆಗೆ ಕೂರಿಸಲ್ಲ ಅಂದುಬಿಟ್ರೆ ಅಂತ ಅವಳು ನಿನ್ನೆಯಿಂದ ಸರಿಯಾಗಿ ಊಟಾನೂ ಮಾಡಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಉತ್ತರ 1: ರಿಜಿಸ್ಟರ್ ಟೀಚರ್

ಮೇಡಂ, ಮೊದಲು ಮಗಳಿಗೆ ಊಟ ಮಾಡೋಕೆ ಹೇಳಿ, ಇದು ಸರಿಹೋಗೋ ವಿಷಯಾನೇ. ನಾನು ಹೈಸ್ಕೂಲಲ್ಲಿ ಪಾಠ ಮಾಡ್ತೀನಿ, ಕ್ಲಾಸ್ ಟೀಚರಾಗಿ ಹಾಜರಿ ಪುಸ್ತಕ ಬರೆದು ಬರೆದು ಅಭ್ಯಾಸ ಆಗಿದೆ, ಈ ಗೊಂದಲ ಪ್ರತಿ ವರ್ಷ ನಾಲ್ಕೈದು ಮನೆಯವ್ರಿಗಾದ್ರೂ ಆಗುತ್ತೆ.

ರಜೆ ಮಂಜೂರಾಗೋದು ಬೇರೆ, ಹಾಜರಿ ಸಿಗೋದು ಬೇರೆ. ನೀವು ಲೆಟರ್ ಕೊಟ್ರೆ, ಟೀಚರ್ ಸೈನ್ ಹಾಕಿದ್ರೆ, ಹುಡುಗಿ ಹೇಳದೆ ಕೇಳದೆ ತಪ್ಪಿಸಿಕೊಂಡಿಲ್ಲ ಅಂತ ಅರ್ಥ. ಹಾಗಾಗಿ ಬೈಯೋದು, ದಂಡ ಹಾಕೋದು ಇರಲ್ಲ, ತಪ್ಪಿಹೋದ ಟೆಸ್ಟ್ ಮತ್ತೆ ಬರೆಯೋ ಅವಕಾಶ ಕೇಳಬಹುದು. ಆದ್ರೆ ಆ ದಿನ ಅವಳು ಕ್ಲಾಸಲ್ಲಿ ಇರ್ಲಿಲ್ಲ ಅನ್ನೋದು ಮಾತ್ರ ಹಾಗೇ ಉಳ್ಕೊಳ್ಳುತ್ತೆ, ಪರ್ಸೆಂಟೇಜ್ ಲೆಕ್ಕದಲ್ಲಿ ಬಹಳಷ್ಟು ಕಡೆ ಅದನ್ನ ಗೈರು ಅಂತಾನೇ ತಗೋತಾರೆ. ಇದು ನಿಮ್ಮ ಸ್ಕೂಲಿನ ಕಠಿಣತನ ಅಂತಲ್ಲ. ಅಮೆರಿಕದಲ್ಲೂ ವರ್ಷದ 10% ದಿನ ತಪ್ಪಿಸಿದ ಮಗುವನ್ನ ದೀರ್ಘ ಗೈರಿನ ಪಟ್ಟಿಗೆ ಸೇರಿಸ್ತಾರೆ, 180 ದಿನದ ಸ್ಕೂಲಾದ್ರೆ 18 ದಿನ, ಅಲ್ಲೂ ಕಾರಣ ಇದ್ದ ರಜೆ, ಇಲ್ಲದ ರಜೆ ಎರಡನ್ನೂ ಕೂಡಿಸೇ ಲೆಕ್ಕ ಹಾಕೋದು. ಯಾಕಂದ್ರೆ ಕಾರಣ ಏನೇ ಇರ್ಲಿ, ಪಾಠ ತಪ್ಪಿದ್ದು ತಪ್ಪಿದ್ದೇ.

ಇದಕ್ಕೆ ಹೊರತು ಟೂರ್ನಮೆಂಟಿನ ಆ 5 ದಿನ. ಸ್ಕೂಲೇ ಕಳ್ಸಿದ್ದು ಅಂದ್ಮೇಲೆ ಅದು ರಜೆ ಅಲ್ವೇ ಅಲ್ಲ, ಆನ್ ಡ್ಯೂಟಿ. ನಾವು ಚಿಕ್ಕದಾಗಿ ಓಡಿ (OD) ಅಂತ ಬರೀತೀವಿ, ಹಾಜರಿ ಅಂತಾನೇ ಎಣಿಸ್ತೀವಿ. ನಿಮ್ಮ 71ಕ್ಕೆ ಆ 5 ಸೇರಿದ್ರೆ 76, 98ಕ್ಕೆ 76 ಅಂದ್ರೆ 77.5% ದಾಟುತ್ತೆ. ಹೆಚ್ಚಾಗಿ ಏನಾಗಿರುತ್ತೆ ಅಂದ್ರೆ ಪಿಟಿ ಟೀಚರ್ ಮಾಡಿದ ಹೆಸರಿನ ಪಟ್ಟಿ ಕ್ಲಾಸ್ ಟೀಚರ್ ಕೈಗೆ ಬಂದಿರಲ್ಲ, ಬೆಳಗ್ಗೆ ಹಾಜರಿ ಕೂಗಿದಾಗ ಹುಡುಗಿ ಇಲ್ಲ, ಎ ಅಂದ್ರೆ ಆಬ್ಸೆಂಟ್ ಅಂತ ಬಿದ್ದುಹೋಗಿರುತ್ತೆ. ತಿಂಗಳ ಕೊನೇಲಿ ನಾವು ಪೆನ್ಸಿಲಲ್ಲಿ ಟೋಟಲ್ ಹಾಕಿ, ಸರಿ ಇದೆಯಾ ನೋಡಿ ಇಂಕಲ್ಲಿ ಬರೆದು ಹೆಡ್‌ಮಾಸ್ಟರ್ ಸೈನಿಗೆ ಕಳಿಸ್ತೀವಿ. ಸೈನ್ ಬಿದ್ದ ತಿಂಗಳನ್ನ ತಿದ್ದಬೇಕಾದ್ರೆ ಅವರ ಒಪ್ಪಿಗೇನೇ ಬೇಕು, ಹಾಗಾಗಿ ತಡ ಮಾಡ್ದೆ ಹೋಗಿ.

ವರ್ಷ ಪೂರ್ತಿ ಲೆಕ್ಕಾನೂ ನೋಡ್ಕೊಳಿ. ಒಟ್ಟು 210 ದಿನ ಕ್ಲಾಸ್ ಇದೆ, 75% ಬೇಕು ಅಂತಿಟ್ಕೊಳಿ, ಆಗ 158 ದಿನ ಹೋಗಿರಬೇಕು. ಆ ಓಡಿ ಸಿಗದೇ ಹೋದ್ರೂ ಉಳಿದಿರೋ 112 ದಿನದಲ್ಲಿ 87 ದಿನ ಹೋದ್ರೆ ಸಾಕು. ಈಗಿನ 72% ವರ್ಷದ ಕೊನೆಯ ನಂಬರ್ ಅಲ್ಲ ಮೇಡಂ, ಇವತ್ತಿನದು ಅಷ್ಟೇ.

ಉತ್ತರ 2: ಇಬ್ಬರು ಮಕ್ಕಳ ಅಪ್ಪ

ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಸೇರಿಸೋದು ಡಾಕ್ಟರ್ ಸರ್ಟಿಫಿಕೇಟ್ ವಿಷಯ, ಯಾಕಂದ್ರೆ ಅಲ್ಲೇ ನಾನು ಎಡವಿದ್ದು. ನನ್ನ ದೊಡ್ಡ ಮಗನಿಗೆ ಜಾಂಡೀಸ್ ಆಗಿ ಮೂರು ವಾರ ಮನೇಲಿದ್ದ, ಡಾಕ್ಟರ್ ಮೊದಲನೇ ದಿನಾನೇ ಎರಡು ವಾರ ರೆಸ್ಟ್ ಅಂತ ಬರೆದುಕೊಟ್ರು, ಆಮೇಲೆ ಬಾಯಲ್ಲಿ ಇನ್ನೊಂದು ವಾರ ಅಂದ್ರು, ನಾನೂ ತಲೆ ಆಡಿಸ್ಕೊಂಡು ಬಂದೆ. ಕೊನೆಗೆ ಸ್ಕೂಲಲ್ಲಿ ಆ ಮೂರನೇ ವಾರಕ್ಕೆ ಕಾಗದ ಎಲ್ಲಿ ಅಂತ ಕೇಳಿದ್ರು, ನನ್ನ ಹತ್ರ ಇರ್ಲಿಲ್ಲ. ಸುಳ್ಳು ಹೇಳಿದವನ ಥರ ಅವರ ಮುಂದೆ ನಿಂತಿದ್ದು ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ.

ಅದಕ್ಕೇ ಹೇಳ್ತೀನಿ, ಸರ್ಟಿಫಿಕೇಟಲ್ಲಿ ಯಾವ ತಾರೀಕಿಂದ ಯಾವ ತಾರೀಕಿನವರೆಗೆ ಅಂತ ಸ್ಪಷ್ಟವಾಗಿ ಇರಬೇಕು, ಡಾಕ್ಟರ್ ರಿಜಿಸ್ಟ್ರೇಷನ್ ನಂಬರು ಸೀಲು ಇರಬೇಕು, ಮತ್ತೆ ವಾಪಸ್ ಹೋಗೋವಾಗ ಹುಷಾರಾಗಿದಾರೆ ಅನ್ನೋ ಫಿಟ್ನೆಸ್ ಸರ್ಟಿಫಿಕೇಟ್ ಬೇರೆ ಕೇಳ್ತಾರೆ. ಡೈರಿಯಲ್ಲಿ ಬರೆದ ಎರಡು ಸಾಲು ಒಂದೆರಡು ದಿನದ ಜ್ವರಕ್ಕೆ ಸಾಕು, 12 ದಿನಕ್ಕೆ ಸಾಲಲ್ಲ. ಕೊಡೋ ಪ್ರತಿಯೊಂದು ಕಾಗದದ ಫೋಟೋ ತೆಗೆದು ಇಟ್ಕೊಳಿ.

ಮುಂದಿನ ವರ್ಷ ಹತ್ತನೇ ಕ್ಲಾಸ್ ಆದ್ರಿಂದ ಇದೂ ತಲೇಲಿರ್ಲಿ. ಸಿಬಿಎಸ್‌ಇ ಆಗಿದ್ರೆ 10 ಮತ್ತು 12ಕ್ಕೆ ಬೋರ್ಡ್ ಪರೀಕ್ಷೆ ಬರೆಯೋಕೆ 75% ಹಾಜರಿ ಕಡ್ಡಾಯ, ಗಂಭೀರ ಕಾಯಿಲೆ, ರಾಷ್ಟ್ರೀಯ ಅಂತರರಾಷ್ಟ್ರೀಯ ಮಟ್ಟದ ಆಟ ಇಂಥ ಕಾರಣಕ್ಕೆ ಮಾತ್ರ ಉಳಿದ 25%ರಲ್ಲಿ ವಿನಾಯಿತಿ ಕೊಡ್ತಾರೆ, ಅದೂ ದಾಖಲೆ ಇದ್ರೇನೇ. ಬೇರೆ ಬೋರ್ಡಾದ್ರೆ ಅಲ್ಲಿನ ನಿಯಮ ಸ್ಕೂಲಲ್ಲೇ ಕೇಳಿ.

ಉತ್ತರ 3: ಮಕ್ಕಳ ವಾರ್ಡ್ ನರ್ಸ್

ಒಂದು ಮಾತು ಹೇಳ್ಳೇಬೇಕು ಅನ್ನಿಸ್ತು. ಇಂಥ ಪೋಸ್ಟ್ ಓದಿ ಯಾರಾದ್ರೂ ಪರ್ಸೆಂಟೇಜ್ ಹೆದರಿಕೆಗೆ ಮಕ್ಕಳನ್ನ ಬೇಗ ಸ್ಕೂಲಿಗೆ ಕಳ್ಸಿಬಿಡ್ತಾರೇನೋ ಅಂತ ಭಯ ನನಗೆ. ದಯವಿಟ್ಟು ಹಾಗೆ ಮಾಡ್ಬೇಡಿ. ಚಿಕನ್‌ಪಾಕ್ಸಲ್ಲಿ ಎಲ್ಲಾ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟೋವರೆಗೆ ಇನ್ನೊಬ್ರಿಗೆ ಅಂಟುತ್ತೆ, ಒಂದೇ ಒಂದು ನೀರುಗುಳ್ಳೆ ಹಸಿ ಇದ್ರೂ ಮನೇಲೇ ಇರಬೇಕು. ದಡಾರ ಆದ್ರೆ ದದ್ದು ಕಾಣಿಸಿಕೊಂಡ ಮೇಲೆ 4 ದಿನ, ಕೆಪ್ಪಟೆ ಅಂದ್ರೆ ಮಂಪ್ಸ್ ಆದ್ರೆ ಊತ ಶುರುವಾದ್ಮೇಲೆ 5 ದಿನ ಕಳಿಸಬಾರದು. ಸಾದಾ ಜ್ವರ ಆದ್ರೂ ಮಾತ್ರೆ ಇಲ್ದೆ 24 ಗಂಟೆ ಜ್ವರ ಇಲ್ಲ ಅಂತಾದ್ಮೇಲೆ ಕಳ್ಸಿ. ಬೆಳಗ್ಗೆ ಪ್ಯಾರಸಿಟಮಾಲ್ ಕೊಟ್ಟು ಕಳಿಸ್ತಾರೆ, ಎರಡನೇ ಪೀರಿಯಡ್ ಮುಗಿಯೋ ಹೊತ್ತಿಗೆ ಅದರ ಶಕ್ತಿ ಇಳಿದು ಮಗು ಬೆಂಚ್ ಮೇಲೆ ತಲೆ ಇಟ್ಟು ಮಲಗಿರುತ್ತೆ, ಪಕ್ಕದಲ್ಲಿ ಕೂತ ಮಗುಗೂ ಅಂಟುತ್ತೆ. ಕ್ಲಾಸಲ್ಲಿ ಕ್ಯಾನ್ಸರ್ ಚಿಕಿತ್ಸೆ ತಗೋತಿರೋ ಮಗು ಇದ್ರೆ ಅದಕ್ಕೆ ಚಿಕನ್‌ಪಾಕ್ಸ್ ಪ್ರಾಣಕ್ಕೇ ಅಪಾಯ, ನೋಡಿದೀನಿ ನಾನು.

ಅಮ್ಮ ನೀವು 12 ದಿನ ಇಟ್ಕೊಂಡಿದ್ದು ತಪ್ಪೇನಲ್ಲ. ಗುಳ್ಳೆ ಒಣಗಿದ್ರೂ ಈ ವಯಸ್ಸಲ್ಲಿ ಚಿಕ್ಕ ಮಕ್ಕಳಿಗಿಂತ ಜಾಸ್ತಿ ಸುಸ್ತಾಗುತ್ತೆ. ಎಷ್ಟು ದಿನಕ್ಕೆ ಬರೆದುಕೊಟ್ಟಿದ್ರು ಅಂತ ಮಾತ್ರ ಒಂದ್ಸಲ ತೆಗೆದು ನೋಡಿ.

ಉತ್ತರ 4: ಕೌನ್ಸೆಲಿಂಗ್ ಕೆಲಸದವಳು

ಅಕ್ಕ, ಎಲ್ರೂ ಆ 12 ಮತ್ತೆ 5ರ ಬಗ್ಗೆ ಹೇಳಿದ್ರು, ನನ್ನ ಕಣ್ಣು ಹೋಗಿದ್ದು ಬಿಡಿಬಿಡಿಯಾಗಿರೋ 6 ದಿನದ ಮೇಲೆ. ಅವು ಯಾವ ವಾರ ಅಂತ ಒಂದ್ಸಲ ಕ್ಯಾಲೆಂಡರಲ್ಲಿ ಗುರುತು ಹಾಕಿ. ನನ್ನ ಹತ್ರ ಬರೋ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಹೊಟ್ಟೆನೋವು ಬರೋದು ಸೋಮವಾರ ಬೆಳಗ್ಗೆ, ಇಲ್ಲಾಂದ್ರೆ ಗಣಿತದ ಟೆಸ್ಟ್ ಇರೋ ದಿನ, ನೋವು ನಾಟಕ ಅಲ್ಲ, ನಿಜವಾಗ್ಲೂ ನೋಯುತ್ತೆ, ಆದ್ರೆ ಕಾರಣ ಹೊಟ್ಟೇಲಿರಲ್ಲ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 2019ರಲ್ಲಿ ಮಾನಸಿಕ ಆರೋಗ್ಯಕ್ಕೂ ರಜೆ ತಗೋಬಹುದು ಅಂತ ಕಾನೂನೇ ಆಯ್ತು, ಅದಕ್ಕೆ ಓಡಾಡಿದವರು ಹೈಸ್ಕೂಲ್ ಮಕ್ಕಳೇ. ಇಲಿನಾಯ್ಸಲ್ಲಿ 2022ರಿಂದ ವರ್ಷಕ್ಕೆ 5 ದಿನ ಡಾಕ್ಟರ್ ಚೀಟಿ ಇಲ್ದೆ ಹಾಗೆ ರಜೆ ಸಿಗುತ್ತೆ. ನಮ್ಮ ಮಕ್ಕಳು ಅದನ್ನ ಹೇಳ್ಕೊಳ್ಳೋಕೆ ಬೇರೆ ದಾರಿ ಇಲ್ದೆ ಹೊಟ್ಟೆನೋವು ಅಂತಾರೆ. ಅಜ್ಜಿ ಹೋದ ವರ್ಷ ಬೇರೆ ಇದು. ಬೈದು ಕೇಳ್ಬೇಡಿ, ಪಕ್ಕ ಕೂತ್ಕೊಂಡು ಕೇಳಿ.

ಕೇಳಿದವರು: ಒಂಬತ್ತನೇ ಕ್ಲಾಸ್ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸ್ಕೂಲಿಗೆ ಹೋಗಿದ್ದೆ. ಟೀಚರ್ ಹೇಳಿದ ಹಾಗೇ ಆಗಿತ್ತು, ಟೂರ್ನಮೆಂಟ್ ಪಟ್ಟಿ ಪಿಟಿ ಸರ್ ಫೈಲಲ್ಲೇ ಇತ್ತು, ಕ್ಲಾಸ್ ಟೀಚರಿಗೆ ಬಂದಿರ್ಲಿಲ್ಲ. ಅದರಲ್ಲಿ 3 ದಿನ ಈ ತಿಂಗಳದ್ದು, ನನ್ನ ಎದುರಿಗೇ ಓಡಿ ಅಂತ ತಿದ್ದಿದ್ರು. ಉಳಿದ 2 ದಿನ ಹೋದ ತಿಂಗಳದ್ದು, ಅದಕ್ಕೆ ಹೆಡ್‌ಮಾಸ್ಟರಿಗೆ ಅರ್ಜಿ ಬರೆದುಕೊಟ್ಟು ಬಂದಿದೀನಿ. ಸರ್ಟಿಫಿಕೇಟ್ ತೆಗೆದು ನೋಡಿದ್ರೆ 8 ದಿನಕ್ಕೆ ಮಾತ್ರ ಇದೆ, ಇನ್ನು 4 ದಿನಕ್ಕೆ ಏನೂ ಇಲ್ಲ, ನಾಳೆ ಡಾಕ್ಟರ್ ಹತ್ರ ಹಳೇ ಫೈಲ್ ತಗೊಂಡು ಹೋಗ್ತೀನಿ.

ಆ 6 ದಿನ ಕ್ಯಾಲೆಂಡರಲ್ಲಿ ಗುರುತು ಹಾಕಿದೆ ತಂಗಿ. 4 ದಿನ ಸೋಮವಾರ. ರಾತ್ರಿ ದೀಪ ಆರಿಸಿದ್ಮೇಲೆ ಅವಳ ಪಕ್ಕ ಮಲ್ಕೊಂಡು ಕೇಳ್ದೆ, ತುಂಬಾ ಹೊತ್ತು ಸುಮ್ಮನಿದ್ಲು, ಆಮೇಲೆ ಮುಖದ ಮೇಲೆ ಉಳಿದಿರೋ ಕಲೆಗಳ ಬಗ್ಗೆ ಪ್ರೇಯರ್ ಲೈನಲ್ಲಿ ಇಬ್ರು ಹುಡುಗೀರು ಏನೋ ಅಂತಾರೆ ಅಂದ್ಲು. ಪ್ರೇಯರ್ ಸೋಮವಾರ ಮಾತ್ರ ಗ್ರೌಂಡಲ್ಲಿ ಇರುತ್ತೆ. ಇದನ್ನ ಕ್ಲಾಸ್ ಟೀಚರಿಗೆ ಹೇಳೋದಾ, ಮೊದಲು ಅವಳನ್ನೇ ಕೇಳಿ ಹೇಳೋದಾ?

ಉತ್ತರ 5: ಕೌನ್ಸೆಲಿಂಗ್ ಕೆಲಸದವಳು

ಮೊದಲು ಅವಳನ್ನೇ ಕೇಳಿ ಅಕ್ಕ. ಟೀಚರಿಗೆ ಏನು ಹೇಳ್ಬೇಕು, ಯಾರ ಹೆಸರು ಹೇಳ್ಬೇಕು, ಹೇಳ್ಬಾರ್ದು ಅಂತ ಇಬ್ರೂ ಕೂತು ಮಾತಾಡ್ಕೊಳಿ, ಅವಳಿಗೆ ಗೊತ್ತಿಲ್ದೆ ಹೋಗ್ಬೇಡಿ. ಸೋಮವಾರಕ್ಕೆ ಮುಂಚೆ ಟೀಚರನ್ನ ನೋಡೋ ಹಾಗಿದ್ರೆ ಒಳ್ಳೇದು.